ನೀರಿನೊಳಗೆ ನೀರಿನ ಹನಿ ಕಂಡ ಬೈಯರಿಂಕ್

ವೈದ್ಯಕೀಯ ಓದಿದವರಿಗೆ ಮಾರ್ಟಿನಸ್ ಬೈಯರಿಂಕ್ ಎಂಬುದು ವೈರಸ್ಸಿನ ಮೊದಲ ಪಾಠದಲ್ಲಿ ಎದುರಾಗುವ ಹೆಸರು. ನಾನೂ ಅವರನ್ನು ಬಹುಕಾಲ ಅಷ್ಟರಿಂದಲೇ ಬಲ್ಲೆ. ಮಂಗಫ್‌ನಲ್ಲಿ ವೃತ್ತಿಯ ಬಿಡುವಿನಲ್ಲಿ ಜೀವಕೋಶಗಳ ಕುರಿತ ಹೊಸ ಸಂಶೋಧನೆಗಳನ್ನು ಓದತೊಡಗಿದ ಮೇಲೆ ಅವರ ಇನ್ನೊಂದು ಶೋಧ ನನ್ನ ಗಮನಕ್ಕೆ ಬಂದಿತು. ನೀರಿನಿಂದ ನೀರನ್ನು ಬೇರ್ಪಡಿಸಬಹುದೆಂಬುದೇ ಆ ಶೋಧ.

ಬೈಯರಿಂಕ್ ಹುಟ್ಟಿದ್ದು 1851ರ ಮಾರ್ಚ್ 16ರಂದು, ಆಮ್‌ಸ್ಟರ್‌ಡ್ಯಾಮಿನಲ್ಲಿ. ತಂದೆ ತಂಬಾಕಿನ ವ್ಯಾಪಾರಿ. ಆ ವ್ಯಾಪಾರ ಕೈಹಿಡಿಯಲಿಲ್ಲ. ಡೆಲ್ಫ್ಟ್‌ನಲ್ಲಿ ಓದುವಾಗ, ಮುಂದೆ ರಸಾಯನಶಾಸ್ತ್ರದ ಮೊದಲ ನೊಬೆಲ್ ಪಡೆದ ವಾಂಟ್ ಹಾಫ್ ಅವರ ಗೆಳೆಯರಾದರು. 1877ರಲ್ಲಿ ಲೈಡನ್‌ನಿಂದ ಡಾಕ್ಟರೇಟ್ ಪಡೆದರು. ವಾಗೆನಿಂಗನ್‌ನ ಕೃಷಿ ಶಾಲೆಯಲ್ಲಿ ಕಲಿಸಿ, 1885ರಲ್ಲಿ ಡೆಲ್ಫ್ಟ್‌ನ ಯೀಸ್ಟ್ ಕಾರ್ಖಾನೆ ಸೇರಿದರು. ದ್ವಿದಳ ಸಸ್ಯಗಳ ಬೇರುಗಂಟಿನ ಬ್ಯಾಕ್ಟೀರಿಯಾವನ್ನು 1888ರಲ್ಲಿ ಪ್ರತ್ಯೇಕಿಸಿದರು. 1895ರಲ್ಲಿ ಅದೇ ಊರಿನಲ್ಲಿ ಪ್ರಾಧ್ಯಾಪಕರಾದರು.

ಜೆಲಾಟಿನ್ ಮತ್ತು ಅಗರ್ ಅಂದಿನ ಸೂಕ್ಷ್ಮಜೀವಿ ತಜ್ಞರ ನಿತ್ಯದ ಸಾಮಗ್ರಿ. 1896ರಲ್ಲಿ ಬೈಯರಿಂಕ್ ಜೆಲಾಟಿನ್ ದ್ರಾವಣಕ್ಕೆ ಕರಗುವ ಪಿಷ್ಟದ ದ್ರಾವಣವನ್ನು ಬೆರೆಸಿದಾಗ ಮಿಶ್ರಣ ಕದಡಿದಂತಾಯಿತು. ಕೆಟ್ಟಿತೆಂದು ಚೆಲ್ಲಬಹುದಾಗಿದ್ದ ಅದರಲ್ಲಿ ಅವರು ಒಂದು ದ್ರಾವಣದೊಳಗೆ ಇನ್ನೊಂದು ಹನಿಹನಿಯಾಗಿ ನಿಂತಿರುವುದನ್ನು ಗುರುತಿಸಿದರು. ಎಣ್ಣೆಯ ಲೇಶವೂ ಇಲ್ಲದ ಎಮಲ್ಷನ್ ಅದು; ಹನಿಯೂ ನೀರು, ಅದರ ಸುತ್ತಲಿನದೂ ನೀರು. 1910ರಲ್ಲಿ ಅವರು ಈ ವಿಷಯಕ್ಕೆ ಮರಳಿ ಬಂದರು.

ಇದರ ಕಾರಣವನ್ನು ಹೀಗೆ ತಿಳಿಯಬಹುದು. ಉಪ್ಪು, ಸಕ್ಕರೆಗಳ ಚಿಕ್ಕ ಕಣಗಳು ಅಸಂಖ್ಯ. ಅವು ಚದುರಿ ಬೆರೆಯುವುದೇ ಸಹಜ. ಪಿಷ್ಟ, ಜೆಲಾಟಿನ್‌ಗಳದು ಉದ್ದನೆಯ ಸರಪಳಿಯಂತಹ ಅಣುಗಳು. ಅಷ್ಟೇ ತೂಕದಲ್ಲಿ ಅವುಗಳ ಸಂಖ್ಯೆ ಬಹಳ ಕಡಿಮೆ, ಬೆರೆಯುವ ಒಲವೂ ಕಡಿಮೆ. ಅಲ್ಪ ವೈಮನಸ್ಯವಿದ್ದರೂ ಅವು ತಮ್ಮ ತಮ್ಮ ಪಾಲಿನ ನೀರಿನೊಡನೆ ಬೇರೆಯಾಗುತ್ತವೆ.

ಹೀಗೆ ಮೂಡಿದ ಗಡಿ ಅತಿ ಮೃದುವಾದುದು. ಅದರ ಮೇಲ್ಮೈ ಎಳೆತವು ಎಣ್ಣೆ-ನೀರಿನ ನಡುವಿನದರ ಸಾವಿರದಲ್ಲೊಂದು ಪಾಲು ಅಥವಾ ಇನ್ನೂ ಕಡಿಮೆ ಇರಬಹುದು. ಆದುದರಿಂದ ಮೆಲ್ಲನೆ ಕಲಕಿದರೂ ಹನಿ ದಾರದಂತೆ ಉದ್ದವಾಗುತ್ತದೆ; ಮತ್ತೆ ದುಂಡಗಾಗಲು ಸಾವಕಾಶ ಬೇಕು. ಇಲ್ಲಿ ಸಾಬೂನು ನೆರವಾಗದು. ಸಾಬೂನಿನ ಅಣು ಒಂದು ತುದಿಯಿಂದ ನೀರನ್ನು, ಇನ್ನೊಂದರಿಂದ ಎಣ್ಣೆಯನ್ನು ಹಿಡಿಯುತ್ತದೆ. ಎರಡೂ ಕಡೆ ನೀರೇ ಇದ್ದರೆ ಅದು ಗಡಿಯಲ್ಲಿ ನಿಲ್ಲಲು ಕಾರಣವಿಲ್ಲ. ಹನಿಗಳು ಒಂದಾಗದಂತೆ ತಡೆಯಲು ಗಡಿಯಲ್ಲಿ ಸೂಕ್ಷ್ಮವಾದ ಘನಕಣಗಳನ್ನು ನಿಲ್ಲಿಸಬೇಕಾಗುತ್ತದೆ.

ಬೈಯರಿಂಕರಿಗೆ ಕೀರ್ತಿ ತಂದದ್ದು ಮಾತ್ರ 1898ರ ಕೆಲಸ. ರೋಗ ತಗಲಿದ ತಂಬಾಕು ಎಲೆಯ ರಸವು ಬ್ಯಾಕ್ಟೀರಿಯಾವನ್ನು ತಡೆಯುವ ಸೋಸುಕದ ಮೂಲಕ ಹಾದ ಮೇಲೂ ರೋಗ ಹರಡುತ್ತಿತ್ತು, ಅಗರ್‌ನೊಳಗೂ ಇಳಿಯುತ್ತಿತ್ತು. ಇದನ್ನು ಅವರು ಜೀವಂತ ಸೋಂಕುದ್ರವವೆಂದು ಬಗೆದರು. ಅದು ದ್ರವವಲ್ಲ, ಕಣವೆಂಬುದು ಮುಂದೆ ತಿಳಿಯಿತು. ಬ್ಯಾಕ್ಟೀರಿಯಾಕ್ಕಿಂತ ಭಿನ್ನವೆಂಬ ಅವರ ಅರಿವು ಉಳಿಯಿತು.

ಅವರು ಮದುವೆಯಾಗಲಿಲ್ಲ, ಶಿಷ್ಯರ ಪಾಲಿಗೆ ಕಟುವಾದ ಗುರು. 1921ರಲ್ಲಿ ನಿವೃತ್ತರಾಗಿ ಸೋದರಿಯರೊಡನೆ ಗೋರ್ಸೆಲ್ ಎಂಬ ಹಳ್ಳಿಯಲ್ಲಿ ನೆಲೆಸಿ, 1931ರ ಜನವರಿ 1ರಂದು ತೀರಿಕೊಂಡರು.

ನೀರಿನ ಹನಿಗಳ ಬೆಲೆ ತಿಳಿದದ್ದು ಅವರ ಬಳಿಕ. 1950ರ ದಶಕದಲ್ಲಿ ಸ್ವೀಡನ್ನಿನ ಆಲ್ಬರ್ಟ್‌ಸನ್ ಇಂತಹ ಎರಡು ನೀರಿನ ಪದರಗಳನ್ನು ಬಳಸಿ ಕೋಶದ ಭಾಗಗಳನ್ನು ಕೆಡದಂತೆ ಬೇರ್ಪಡಿಸಿದರು. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಸಂಶೋಧಕರು ಇದೇ ಮಾರ್ಗದಿಂದ ಅನಾನಸಿನ ಬ್ರೊಮೆಲಿನ್ ಕಿಣ್ವವನ್ನೂ ಬೀಟ್‌ರೂಟಿನ ಬಣ್ಣವನ್ನೂ ಪಡೆದಿದ್ದಾರೆ. ಎಣ್ಣೆಯಂತಹ ದ್ರಾವಕ ತಗಲಿದರೆ ಹಾಳಾಗುವ ಪ್ರೋಟೀನು ಇಲ್ಲಿ ನೀರಿನಿಂದ ನೀರಿಗೆ ದಾಟುತ್ತದೆ. ಹನಿಯನ್ನು ಹಿಡಿದಿಡಲು ತೊಡಕಾದ ಮೃದುತ್ವವೇ ಇಲ್ಲಿ ಉಪಕಾರಿ.

ಪುಟ್ಟ ಹುಳುವೊಂದರ ಭ್ರೂಣಕೋಶದೊಳಗಿನ ಕೆಲವು ಕಣಗಳು ಪೊರೆಯಿಲ್ಲದ ದ್ರವಹನಿಗಳೆಂದು 2009ರಲ್ಲಿ ತಿಳಿದುಬಂದಿತು. ಇಂತಹ ಹನಿಗಳು ಗಟ್ಟಿಯಾದಾಗ ನರರೋಗಗಳು ತಲೆದೋರುವುವೇ ಎಂಬುದು ಇಂದು ವೈದ್ಯರ ಮುಂದಿರುವ ಪ್ರಶ್ನೆ. ಪೊರೆಯಿದ್ದರೆ ಮಾತ್ರ ಗಡಿಯೆಂದು ನಮ್ಮ ತಲೆಮಾರು ಕಲಿತಿತ್ತು. ಪೊರೆಯಿಲ್ಲದ ಗಡಿಯನ್ನು ಬೈಯರಿಂಕ್ ಕದಡಿದ ಜೆಲಾಟಿನ್‌ನಲ್ಲಿ ಆಗಲೇ ಕಂಡಿದ್ದರು.