ರಕ್ತ ಪರೀಕ್ಷೆಯೊಂದೇ ಸಾಕೇ? ಡಾ. ಬರ್ಕಿಟ್ ಬದುಕಿನಲ್ಲಿದೆ ಉತ್ತರ

ಒಂದು ಹನಿ ರಕ್ತದಲ್ಲಿ ಎಲ್ಲ ಕ್ಯಾನ್ಸರ್ ಗೊತ್ತಾಗುತ್ತದಂತೆ. ಗಂಟಿಗೆ ಸೂಜಿ ಚುಚ್ಚಿಸಿದರೆ ಕ್ಯಾನ್ಸರ್ ಮೈತುಂಬಾ ಹರಡುತ್ತದಂತೆ. ಇಂಥ ಸಂದೇಶಗಳು ಬಳಗಾನೂರು, ಮಸ್ಕಿ, ಸಿಂಧನೂರಿನಿಂದ ಹಿಡಿದು ಬೆಂಗಳೂರಿನವರೆಗೆ ಎಲ್ಲರ ಮೊಬೈಲಿಗೂ ಬರುತ್ತವೆ. ಕಳಿಸುವವರಿಗೆ ಅದು ಬರೀ ಒಂದು ಫಾರ್ವರ್ಡ್. ಆದರೆ ಎಚ್‌ಐವಿ ಇರುವವರೊಬ್ಬರು ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಾಗ ಇದನ್ನೇ ನಂಬಿ ಬಯಾಪ್ಸಿ ಮುಂದೂಡಿದರೆ ಜೀವಕ್ಕೇ ಕುತ್ತು. ರಕ್ತ ಏನು ಹೇಳುತ್ತದೆ, ಗಂಟಿನ ಚೂರು ಏನು ಹೇಳುತ್ತದೆ? ಇದನ್ನು ತಿಳಿಯಲು ಡೆನಿಸ್ ಬರ್ಕಿಟ್ ಎಂಬ ಸರ್ಜನ್‌ರ ಬದುಕನ್ನು ನೋಡೋಣ.

ಒಂದು ಕಣ್ಣಿನ ಸರ್ಜನ್

ಬರ್ಕಿಟ್ ಹುಟ್ಟಿದ್ದು 1911ರ ಫೆಬ್ರವರಿ 28ರಂದು, ಐರ್ಲೆಂಡಿನ ಎನ್ನಿಸ್ಕಿಲನ್‌ನಲ್ಲಿ. ತಂದೆ ಎಂಜಿನಿಯರ್. ಬಿಡುವಿನಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ, ಯಾವ ಹಕ್ಕಿ ಎಲ್ಲಿ ವಾಸಿಸುತ್ತದೆ ಎಂದು ನಕ್ಷೆ ಬರೆಯುತ್ತಿದ್ದವರು. ಮಗನಿಗೆ 11 ವರ್ಷವಿದ್ದಾಗ ಹುಡುಗರು ಎಸೆದ ಕಲ್ಲು ಕನ್ನಡಕಕ್ಕೆ ಬಡಿದು ಒಂದು ಕಣ್ಣು ಹೋಯಿತು. ಮುಂದೆ ಡಬ್ಲಿನ್‌ನ ಟ್ರಿನಿಟಿ ಕಾಲೇಜಿಗೆ ಎಂಜಿನಿಯರಿಂಗ್ ಓದಲು ಸೇರಿದವರು ವೈದ್ಯಕೀಯಕ್ಕೆ ಬದಲಾಯಿಸಿಕೊಂಡು ಸರ್ಜನ್ ಆದರು. ಎರಡನೇ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿದ್ದು, 1946ರಲ್ಲಿ ಉಗಾಂಡಾಕ್ಕೆ ಹೋದರು. ನಂತರ ರಾಜಧಾನಿ ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು.

1957ರಲ್ಲಿ ಸಹೋದ್ಯೋಗಿ ವೈದ್ಯರು ಅವರಿಗೆ ಒಬ್ಬ ಪುಟ್ಟ ಹುಡುಗನನ್ನು ತೋರಿಸಿದರು. ಮೇಲಿನ ದವಡೆ, ಕೆಳಗಿನ ದವಡೆ, ಎರಡೂ ಕಡೆ ಊತ. ಸೋಂಕು ಎನ್ನಲೂ ಆಗದು, ಮಾಮೂಲಿ ಗಡ್ಡೆ ಎನ್ನಲೂ ಆಗದು. ಕೆಲವೇ ವಾರಗಳಲ್ಲಿ ಜಿಂಜಾ ಎಂಬ ಊರಿನ ಆಸ್ಪತ್ರೆಯಲ್ಲಿ ಅದೇ ರೀತಿ ಮುಖ ಊದಿದ ಇನ್ನೊಂದು ಮಗು ಕಂಡಿತು. ಆ ಮಗುವಿನ ಹೊಟ್ಟೆಯಲ್ಲೂ ಗಡ್ಡೆಯಿತ್ತು. ಬರ್ಕಿಟ್ ಹಳೆಯ ದಾಖಲೆಗಳನ್ನು ತೆಗೆದು ನೋಡಿದರು. ದವಡೆಯದು ಒಂದು ರೋಗ, ಹೊಟ್ಟೆಯದು ಇನ್ನೊಂದು ಎಂದು ಬರೆದಿದ್ದ ಎಷ್ಟೋ ಕೇಸುಗಳು ಅವರಿಗೆ ಒಂದೇ ರೋಗದ ಹಲವು ಮುಖಗಳಾಗಿ ಕಂಡವು. 1958ರಲ್ಲಿ ಅದರ ಬಗ್ಗೆ ಲೇಖನ ಪ್ರಕಟಿಸಿದರು.

ಆ ಲೇಖನದಲ್ಲಿ ಅವರು ಈ ಗಡ್ಡೆಯನ್ನು ಸಾರ್ಕೋಮಾ ಎಂದು ಕರೆದಿದ್ದರು. ಆಮೇಲೆ ಕಂಪಾಲಾದ ಪೆಥಾಲಜಿ ತಜ್ಞರು ಗಡ್ಡೆಯ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಇದು ಬಿಳಿ ರಕ್ತಕಣಗಳ ಒಂದು ಬಗೆಯಾದ ಲಿಂಫೋಸೈಟ್‌ಗಳ ಕ್ಯಾನ್ಸರ್, ಅಂದರೆ ಲಿಂಫೋಮಾ ಎಂದು ತೋರಿಸಿದರು. ಅಂದರೆ, ರೋಗವನ್ನು ಗುರುತಿಸಿದ ವೈದ್ಯರಿಗೂ ಅದರ ಜಾತಿ ಯಾವುದೆಂದು ತಿಳಿದದ್ದು ಗಡ್ಡೆಯ ಚೂರಿನಿಂದಲೇ.

ಹಳೆಯ ಕಾರು, 16,000 ಕಿ.ಮೀ.

ತಂದೆ ಹಕ್ಕಿಗಳ ನಕ್ಷೆ ಬರೆದಂತೆ ಮಗ ಕ್ಯಾನ್ಸರ್‌ನ ನಕ್ಷೆ ಬರೆದರು. 1961ರಲ್ಲಿ ಇಬ್ಬರು ವೈದ್ಯ ಗೆಳೆಯರೊಂದಿಗೆ ಹಳೆಯ ಫೋರ್ಡ್ ಕಾರಿನಲ್ಲಿ ಹೊರಟು, ಸುಮಾರು 10 ವಾರಗಳಲ್ಲಿ 16,000 ಕಿ.ಮೀ. ತಿರುಗಿದರು. ದಾರಿಯ ಆಸ್ಪತ್ರೆಗಳಲ್ಲೆಲ್ಲ ಮಕ್ಕಳ ಫೋಟೊ ತೋರಿಸಿ ಇಂಥ ಕೇಸು ನೋಡಿದ್ದೀರಾ ಎಂದು ವಿಚಾರಿಸಿದರು. ಸೆಕೆ ಮತ್ತು ಮಳೆ ಹೆಚ್ಚಿರುವ, ಮಲೇರಿಯಾ ಕಾಡುವ ಪ್ರದೇಶಗಳಲ್ಲೇ ಈ ರೋಗ ಹೆಚ್ಚು ಎಂಬುದು ಕ್ರಮೇಣ ಸ್ಪಷ್ಟವಾಯಿತು.

ಅದೇ ವರ್ಷ ಮಾರ್ಚ್‌ನಲ್ಲಿ ಲಂಡನ್‌ನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಅವರು ಮಾಡಿದ ಭಾಷಣವನ್ನು ಆಂಥನಿ ಎಪ್‌ಸ್ಟೀನ್ ಎಂಬ ಸಂಶೋಧಕರು ಕೇಳಿದ್ದರು. ಇದರ ಹಿಂದೆ ವೈರಸ್ ಇರಬಹುದು ಎಂಬ ಅನುಮಾನ ಅವರಿಗೆ ಬಂತು. ಅಲ್ಲಿಂದ ಮುಂದೆ ಕಂಪಾಲಾದಿಂದ ವಿಮಾನದಲ್ಲಿ ಗಡ್ಡೆಯ ಚೂರುಗಳು ಲಂಡನ್‌ಗೆ ಹೋಗತೊಡಗಿದವು. ಸುಮಾರು ಎರಡು ವರ್ಷ ಏನೂ ಸಿಗಲಿಲ್ಲ. 1963ರ ಡಿಸೆಂಬರ್‌ನಲ್ಲಿ ಮಂಜು ಕವಿದು ವಿಮಾನ ಬೇರೆ ಊರಿಗೆ ಹೋಯಿತು, ಮಾದರಿ ತಡವಾಗಿ ಕೈಸೇರಿತು. ಅದು ಇದ್ದ ದ್ರವ ಕದಡಿಹೋಗಿತ್ತು. ಕೆಟ್ಟಿರಬೇಕು ಎಂದುಕೊಂಡು ನೋಡಿದರೆ, ಕ್ಯಾನ್ಸರ್ ಕೋಶಗಳು ಬಿಡಿಬಿಡಿಯಾಗಿ ಜೀವಂತ ತೇಲುತ್ತಿದ್ದವು! ಆ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದಾಗ ವೈರಸ್ ಕಾಣಿಸಿತು. 1964ರಲ್ಲಿ ಎಪ್‌ಸ್ಟೀನ್, ಅಚಾಂಗ್, ಬಾರ್ ಮೂವರೂ ಇದನ್ನು ಪ್ರಕಟಿಸಿದರು. ಅದೇ ಇಂದಿನ ಎಪ್‌ಸ್ಟೀನ್-ಬಾರ್ ವೈರಸ್, ಚಿಕ್ಕದಾಗಿ ಇಬಿವಿ.

ಬರ್ಕಿಟ್ ಈ ಮಕ್ಕಳಿಗೆ ಕೀಮೋಥೆರಪಿಯನ್ನೂ ಕೊಟ್ಟು ನೋಡಿದರು. ಕೆಲವು ಮಕ್ಕಳ ಊತ ಕೆಲವೇ ದಿನಗಳಲ್ಲಿ ಕರಗಿತು, ಕೆಲವರು ಬದುಕುಳಿದರು. ಬಳಸಿದ ಔಷಧಗಳಲ್ಲಿ ಒಂದು ಮೆಥೊಟ್ರೆಕ್ಸೇಟ್. ಅದನ್ನು ಅಮೆರಿಕದಲ್ಲಿ ರೂಪಿಸಿದ ತಂಡದ ಮುಖ್ಯಸ್ಥರು ನಮ್ಮ ಪಕ್ಕದ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ಎಚ್‌ಐವಿಗೂ ಇದಕ್ಕೂ ಏನು ಸಂಬಂಧ?

1982ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದ ಒಂದು ವರದಿ ಬಂತು. ಆಫ್ರಿಕಾದ ಮಕ್ಕಳಲ್ಲಿ ಕಂಡದ್ದನ್ನೇ ಹೋಲುವ ಲಿಂಫೋಮಾ ಅಲ್ಲಿನ ಯುವಕರಲ್ಲಿ ಕಾಣಿಸಿತ್ತು. ಅದು ಏಡ್ಸ್‌ನ ಆರಂಭದ ಕಾಲ. ಎಚ್‌ಐವಿ ರೋಗನಿರೋಧಕ ವ್ಯವಸ್ಥೆಯನ್ನು ಕುಗ್ಗಿಸುತ್ತದೆ, ಜೊತೆಗೆ ಬಿ ಕೋಶಗಳನ್ನು ಸದಾ ಕೆರಳಿಸುತ್ತಿರುತ್ತದೆ. ಅವು ಮತ್ತೆ ಮತ್ತೆ ವಿಭಜಿಸುವಾಗ ವಂಶವಾಹಿಗಳಲ್ಲಿ ತಪ್ಪಾಗುವ ಸಂಭವ ಹೆಚ್ಚು. ಎಆರ್‌ಟಿ ಮಾತ್ರೆ ತಪ್ಪದೆ ತೆಗೆದುಕೊಂಡರೆ ಲಿಂಫೋಮಾದ ಅಪಾಯ ಒಟ್ಟಾರೆ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಬರ್ಕಿಟ್ ಲಿಂಫೋಮಾ ಸಿಡಿ4 ಎಣಿಕೆ ತೀರಾ ಇಳಿಯದಿದ್ದವರಲ್ಲೂ ಬರಬಹುದು.

ರಕ್ತ ಏನು ಹೇಳುತ್ತದೆ?

ರೋಗದ ಸುಳಿವು ಕೊಡುವ ವಸ್ತುವಿಗೆ ಬಯೋಮಾರ್ಕರ್ ಎನ್ನುತ್ತಾರೆ. ಲಿಂಫೋಮಾದಲ್ಲಿ ರಕ್ತದ ಎಲ್‌ಡಿಎಚ್ ಏರಬಹುದು. ಆದರೆ ಲಿವರ್ ತೊಂದರೆ, ಶ್ವಾಸಕೋಶದ ಸೋಂಕಿನಲ್ಲೂ ಅದು ಏರುತ್ತದೆ. ಇಬಿವಿ ಪ್ರತಿಕಾಯ ಪಾಸಿಟಿವ್ ಬಂದರೆ ಹೆದರಬೇಕಿಲ್ಲ: ಜಗತ್ತಿನ ವಯಸ್ಕರಲ್ಲಿ 90%ಕ್ಕೂ ಹೆಚ್ಚು ಜನರಿಗೆ ಯಾವಾಗಲೋ ಈ ವೈರಸ್ ಸೋಂಕು ಆಗಿರುತ್ತದೆ. ಇಬಿವಿ ಇಲ್ಲವೆಂದರೆ ನಿಶ್ಚಿಂತೆ ಎನ್ನುವಂತೆಯೂ ಇಲ್ಲ. ಎಚ್‌ಐವಿ ಇರುವವರ ಬರ್ಕಿಟ್ ಲಿಂಫೋಮಾ ಗಡ್ಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಇಬಿವಿ ಇರುವುದೇ ಇಲ್ಲ. ಐಎಲ್-6, ಐಎಲ್-10, ಸಿಎಕ್ಸ್‌ಸಿಎಲ್13 ಎಂಬ ವಸ್ತುಗಳು ಲಿಂಫೋಮಾ ಪತ್ತೆಯಾಗುವ ಎಷ್ಟೋ ಮೊದಲೇ ಏರಿರುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ಅದು ಗುಂಪಿನ ಲೆಕ್ಕ. ಒಬ್ಬ ವ್ಯಕ್ತಿಗೆ ಕ್ಯಾನ್ಸರ್ ಇದೆ ಅಥವಾ ಇಲ್ಲ ಎಂದು ಅದರಿಂದ ಹೇಳಲಾಗದು.

ಗಂಟಿನ ಚೂರು ಏನು ಹೇಳುತ್ತದೆ?

ನಮ್ಮಲ್ಲಿ ಎಚ್‌ಐವಿ ಇರುವವರಿಗೆ ಟಿಬಿ ಗಂಟು ಬರುವುದೂ ಸಾಮಾನ್ಯ. ಟಿಬಿ ಗಂಟು, ಲಿಂಫೋಮಾ ಗಂಟು ಮುಟ್ಟಿ ನೋಡಿದರೆ ಬೇರೆ ಎಂದು ತಿಳಿಯದು. ಬಯಾಪ್ಸಿಯೇ ಇದನ್ನು ಬಿಡಿಸಿ ಹೇಳುವುದು. ಸೂಜಿಯಲ್ಲಿ ಸಿಕ್ಕಿದ್ದು ಸಾಲದಿದ್ದರೆ ವೈದ್ಯರು ಇಡೀ ಗಂಟನ್ನೇ ತೆಗೆದು ಕಳಿಸುತ್ತಾರೆ. ಚೂರಿನಲ್ಲಿ ಸಿಡಿ20 ಇದೆಯೇ, ಎಂವೈಸಿ ಜೀನ್ ಜಾಗ ಬದಲಿಸಿದೆಯೇ, ಇಬಿವಿ ಅಡಗಿದೆಯೇ ಎಂದು ನೋಡುತ್ತಾರೆ. ಕೆಐ-67 ಎಂಬ ಸೂಚಕ ಕೋಶಗಳು ಎಷ್ಟು ವೇಗವಾಗಿ ಬೆಳೆಯುತ್ತಿವೆ ಎಂದು ಹೇಳುತ್ತದೆ; ಬರ್ಕಿಟ್ ಲಿಂಫೋಮಾದಲ್ಲಿ ಅದು 100%ಕ್ಕೆ ಹತ್ತಿರ. ಈ ಗಡ್ಡೆ ಒಂದೆರಡು ದಿನಗಳಲ್ಲೇ ದುಪ್ಪಟ್ಟಾಗಬಲ್ಲದು. ಹಾಗಾಗಿ ತಿಂಗಳುಗಟ್ಟಲೆ ಕಾಯುವುದು ಅಪಾಯ. ಬಯಾಪ್ಸಿಯಿಂದ ಲಿಂಫೋಮಾ ಹರಡುತ್ತದೆ ಎಂಬುದಕ್ಕೆ ಆಧಾರವಿಲ್ಲ.

ರೊಟ್ಟಿ ತಿಂದರೆ ಲಿಂಫೋಮಾ ಬರಲ್ಲವೇ?

1966ರಲ್ಲಿ ಬ್ರಿಟನ್‌ಗೆ ಮರಳಿದ ಬರ್ಕಿಟ್ ಆಮೇಲೆ ನಾರಿನ ಆಹಾರದ ಪ್ರಚಾರಕರಾಗಿ ಇನ್ನಷ್ಟು ಹೆಸರಾದರು. ನಮ್ಮ ಭಾಗದ ಜೋಳದ ರೊಟ್ಟಿ, ಕಾಳು, ಸೊಪ್ಪು ಎಲ್ಲದರಲ್ಲೂ ನಾರು ಇದೆ. ಅದು ಮಲಬದ್ಧತೆಗೆ ಒಳ್ಳೆಯದು, ದೊಡ್ಡ ಕರುಳಿನ ಕ್ಯಾನ್ಸರ್‌ನ ಅಪಾಯ ಕಡಿಮೆ ಮಾಡಲೂ ನೆರವಾಗುತ್ತದೆ. ಆದರೆ ಅದು ಲಿಂಫೋಮಾ ತಡೆಯುವುದಿಲ್ಲ, ಗುಣಪಡಿಸುವುದೂ ಇಲ್ಲ. ಬರ್ಕಿಟ್ 1993ರ ಮಾರ್ಚ್ 23ರಂದು, 82ನೇ ವಯಸ್ಸಿನಲ್ಲಿ ತೀರಿಕೊಂಡರು.

ನೀವು ಏನು ಮಾಡಬೇಕು?

ಎಚ್‌ಐವಿ ಇರುವವರಿಗೆ ಕರಗದ ಗಂಟು, ಬಿಡದ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಕೆ ಕಂಡರೆ ಎಆರ್‌ಟಿ ಕೇಂದ್ರದ ವೈದ್ಯರಿಗೆ ತಕ್ಷಣ ತೋರಿಸಿ. ಟಿಬಿ ಮಾತ್ರೆ ನುಂಗುತ್ತಿದ್ದರೂ ಗಂಟು ಬೆಳೆಯುತ್ತಿದ್ದರೆ ಬಯಾಪ್ಸಿ ಬೇಕೇ ಎಂದು ನೀವೇ ಕೇಳಿ. ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲದೆ ಕಲಬುರಗಿಯಲ್ಲೂ ಅದರ ಕೇಂದ್ರವಿದೆ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದು 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಕಾನೂನುಬಾಹಿರ. ಮಾಹಿತಿಗೆ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.

ರಕ್ತ ಸುಳಿವು ಕೊಡುತ್ತದೆ, ತೀರ್ಪು ಕೊಡುವುದು ಗಂಟಿನ ಚೂರು. ಗುಂಪಿಗೆ ಕಳಿಸುವುದಾದರೆ ಈ ಒಂದು ಸಾಲನ್ನು ಕಳಿಸಿ.