ಕಾರಿನ ಕನಸು ಕಂಡಿದ್ದ ವಿಶ್ವೇಶ್ವರಯ್ಯ: ಗುಣಮಟ್ಟ ಎಲ್ಲಿಂದ ಬರುತ್ತದೆ?

ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆ ಹೋಗುವಾಗ ರಾಜಾನುಕುಂಟೆ ಸಿಗುತ್ತದೆ. ಅಲ್ಲಿಂದ ಉತ್ತರಕ್ಕೆ, ನಂದಿ ಬೆಟ್ಟದ ಸೀಮೆಯಲ್ಲಿದೆ ಮುದ್ದೇನಹಳ್ಳಿ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಅವರೆಂದರೆ ನಮಗೆ ಅಣೆಕಟ್ಟು ನೆನಪಾಗುತ್ತದೆ. ಆದರೆ ನಮ್ಮ ದೇಶದಲ್ಲೇ ಕಾರು ತಯಾರಾಗಬೇಕೆಂದು ಅವರು ಸ್ವಾತಂತ್ರ್ಯಕ್ಕೆ ಮೊದಲೇ ಓಡಾಡಿದ್ದು ಹೆಚ್ಚು ಜನರಿಗೆ ಗೊತ್ತಿಲ್ಲ.

ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಅವರು ಮಕ್ಕಳಿಗೆ ಮನೆಪಾಠ ಹೇಳುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬೈ ಸರ್ಕಾರದ ಕೆಲಸಕ್ಕೆ ಸೇರಿದರು. 1903ರಲ್ಲಿ ಖಡಕ್‌ವಾಸ್ಲಾದಲ್ಲಿ ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳು ಬಂದವು. ನೀರು ಮಿತಿ ಮೀರಿದಾಗ ಗೇಟು ತಾನೇ ತೆರೆಯುತ್ತಿತ್ತು, ಇಳಿದಾಗ ತಾನೇ ಮುಚ್ಚುತ್ತಿತ್ತು. ಯಾರ ಒಳ್ಳೆಯತನಕ್ಕೂ ಕಾಯಬೇಕಿರಲಿಲ್ಲ.

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಆಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು. 1930ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪ್ ಮತ್ತು ಅಮೆರಿಕದ ಕಾರು ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಮೈಸೂರು ಸಂಸ್ಥಾನ ಒಲವು ತೋರಿತು, ಬ್ರಿಟಿಷ್ ಭಾರತ ಸರ್ಕಾರ ಬೆಂಬಲ ಕೊಡಲಿಲ್ಲ. ಬೆಂಗಳೂರಿಗೆ ಕಾರಿನ ಕಾರ್ಖಾನೆ ಬರಲಿಲ್ಲ. 1940ರಲ್ಲಿ ವಾಲ್‌ಚಂದ್ ಅವರ ವಿಮಾನ ಕಾರ್ಖಾನೆ ಇಲ್ಲಿ ಶುರುವಾಯಿತು, ಅದೇ ಇಂದಿನ ಎಚ್‌ಎಎಲ್. 1944ರಲ್ಲಿ ಅವರ ಪ್ರೀಮಿಯರ್ ಆಟೊಮೊಬೈಲ್ಸ್ ಮುಂಬೈಯಲ್ಲಿ ಹುಟ್ಟಿತು.

ದೇಶದಲ್ಲೇ ಕಾರು ತಯಾರಾದರೆ ಗುಣಮಟ್ಟ ತಾನಾಗಿ ಬರುತ್ತದೆಯೇ? ಇಲ್ಲ ಎನ್ನುತ್ತದೆ ನಂತರದ ಇತಿಹಾಸ. ಲೈಸೆನ್ಸ್ ಕಾಲದಲ್ಲಿ ಆಮದಿಗೆ ತಡೆ ಇತ್ತು, ತಯಾರಕರು ಬೆರಳೆಣಿಕೆಯಷ್ಟು. ಅಂಬಾಸಿಡರ್ ಅಥವಾ ಪದ್ಮಿನಿ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಮಾಡಿದ್ದೆಲ್ಲ ಮಾರಾಟವಾಗುವಾಗ ಕಾರು ಸುಧಾರಿಸುವ ಒತ್ತಡ ಕಂಪನಿಗೂ ಇರುವುದಿಲ್ಲ, ಹೆಸರು ಉಳಿಸಿಕೊಳ್ಳುವ ಚಿಂತೆ ಡೀಲರ್‌ಗೂ ಇರುವುದಿಲ್ಲ. ಹಾಗೆಂದು ನಮ್ಮವರಿಗೆ ಕಾರು ಮಾಡಲು ಬರುವುದಿಲ್ಲ ಎಂಬ ಮಾತೂ ಸುಳ್ಳು. 1983ರಲ್ಲಿ ಮಾರುತಿ 800 ಬಂದ ಮೇಲೆ, 1990ರ ದಶಕದಲ್ಲಿ ಪೈಪೋಟಿ ಬೆಳೆದ ಮೇಲೆ, ಇದೇ ನೆಲದಲ್ಲಿ ಒಳ್ಳೆಯ ಕಾರುಗಳು ತಯಾರಾದವು.

ವಿಶ್ವೇಶ್ವರಯ್ಯನವರ ಗೇಟಿಗೆ ನೀರಿನ ಒತ್ತಡ ಹೇಗೋ, ಮಾರುಕಟ್ಟೆಗೆ ಗ್ರಾಹಕರ ಆಯ್ಕೆ ಹಾಗೆ. ಹಾಗಾಗಿ ಕಾರು ಕೊಳ್ಳುವಾಗ ಬ್ರ್ಯಾಂಡಿನ ಹೆಸರೊಂದನ್ನೇ ನಂಬಬೇಡಿ. ವಾರಂಟಿಯಲ್ಲಿ ಏನೇನು ಸೇರುತ್ತದೆ ಎಂದು ಓದಿ. ಹತ್ತಿರದ ಸರ್ವಿಸ್ ಸೆಂಟರ್ ಹೇಗಿದೆ ಎಂದು ಅಲ್ಲಿಗೆ ಹೋಗುವವರನ್ನು ಕೇಳಿ. ಹಳೆಯ ಕಾರಾದರೆ ಸರ್ವಿಸ್ ದಾಖಲೆ ನೋಡಿ.

1962ರ ಏಪ್ರಿಲ್‌ನಲ್ಲಿ ಶತಾಯುಷಿ ವಿಶ್ವೇಶ್ವರಯ್ಯ ತೀರಿಕೊಂಡರು. ಅವರು ಕಾರ್ಖಾನೆ ಬಯಸಿದ್ದ ಬೆಂಗಳೂರಿನ ಪಕ್ಕದ ಬಿಡದಿಯಲ್ಲಿ ಇಂದು ಕಾರುಗಳು ತಯಾರಾಗುತ್ತಿವೆ.