ಮಕ್ಕಳ ತುತ್ತಿಗಾಗಿ ದುಡಿದ ವಿಜ್ಞಾನಿ ಡಾ. ವಿ. ಸುಬ್ರಹ್ಮಣ್ಯನ್



ಔಷಧಿ ಕಂಡುಹಿಡಿದವರ ಹೆಸರುಗಳನ್ನು ನೀವು ಪಠ್ಯಪುಸ್ತಕಗಳಲ್ಲಿ ಓದಿದ್ದೀರಿ. ಆದರೆ ಮಗು ಕಾಯಿಲೆ ಬೀಳದಂತೆ ಅದರ ಹೊಟ್ಟೆಗೆ ಒಗ್ಗುವ ಆಹಾರ ಯಾವುದೆಂದು ಹುಡುಕಿದವರ ಹೆಸರು ಎಷ್ಟು ಜನರಿಗೆ ಗೊತ್ತು? ಅಂಥವರಲ್ಲಿ ಒಬ್ಬರು ನಮ್ಮ ರಾಜ್ಯದಲ್ಲಿಯೇ ಕೆಲಸ ಮಾಡಿದ ಡಾ. ವೈದ್ಯನಾಥ ಸುಬ್ರಹ್ಮಣ್ಯನ್.

1902ರಲ್ಲಿ ಜನಿಸಿದ ಅವರು ಜೀವರಸಾಯನ ಶಾಸ್ತ್ರದಲ್ಲಿ ಉನ್ನತ ಅಧ್ಯಯನ ಮಾಡಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಸ್ವಾತಂತ್ರ್ಯ ಬಂದಾಗ ದೇಶದ ಮುಂದೆ ಅನ್ನದ ಪ್ರಶ್ನೆಯೇ ದೊಡ್ಡದಾಗಿತ್ತು. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರ ಅಕ್ಟೋಬರ್ 21ರಂದು ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಅಂದರೆ ಸಿ.ಎಫ್.ಟಿ.ಆರ್.ಐ. ಆರಂಭವಾಯಿತು. ಅದರ ಮೊದಲ ನಿರ್ದೇಶಕರೇ ಸುಬ್ರಹ್ಮಣ್ಯನ್.

ಆ ಕಾಲದಲ್ಲಿ ಬಡವರ ಮಕ್ಕಳನ್ನು ಕಾಡುತ್ತಿದ್ದ ಒಂದು ರೋಗ ಕ್ವಾಷಿಯೋರ್ಕರ್. ತಾಯಿಯ ಹಾಲು ಬಿಟ್ಟ ಮೇಲೆ ಬರೀ ಗಂಜಿ, ಅನ್ನದ ಮೇಲೆ ಬೆಳೆಯುವ ಮಗುವಿಗೆ ಪ್ರೋಟೀನ್ ಸಾಲದೆ ಕಾಲು, ಮುಖ ಬಾತುಕೊಳ್ಳುತ್ತವೆ, ಹೊಟ್ಟೆ ಉಬ್ಬುತ್ತದೆ, ಕೂದಲು ಕೆಂಚಗಾಗುತ್ತದೆ. ನೋಡಿದವರು ಮಗು ದಪ್ಪಗಿದೆ ಎಂದು ಮೋಸ ಹೋಗುವುದೂ ಉಂಟು. ಇದಕ್ಕೆ ಹಾಲು, ಮೊಟ್ಟೆ ಕೊಡಿ ಎಂದು ಹೇಳುವುದು ಸುಲಭ. ಕೂಲಿ ಮಾಡುವ ತಾಯಿ ಅವನ್ನು ಎಲ್ಲಿಂದ ತರಬೇಕು?

ಸುಬ್ರಹ್ಮಣ್ಯನ್ ಮತ್ತು ಅವರ ಸಂಗಡಿಗರು ಉತ್ತರ ಹುಡುಕಿದ್ದು ಎಣ್ಣೆಯ ಗಾಣದಲ್ಲಿ. ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿಯನ್ನು ನಾವು ದನಕ್ಕೆ ಹಾಕುತ್ತೇವೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರೋಟೀನ್ ಇರುತ್ತದೆ. ಒಳ್ಳೆಯ ಶೇಂಗಾ ಆರಿಸಿ, ಶುಚಿಯಾಗಿ ತಯಾರಿಸಿದ ಹಿಟ್ಟು 75 ಭಾಗ, ಕಡಲೆ ಹಿಟ್ಟು 25 ಭಾಗ ಸೇರಿಸಿ, ವಿಟಮಿನ್ ಮತ್ತು ಸುಣ್ಣದ ಅಂಶ ಕೂಡಿಸಿ ಅವರು ಬಹೂಪಯೋಗಿ ಆಹಾರವನ್ನು ಸಿದ್ಧಪಡಿಸಿದರು. ಇಲ್ಲಿ ಕಡಲೆಗೆ ಬೇರೆಯೇ ಕೆಲಸವಿದೆ. ಶೇಂಗಾದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಂಶ ಕಡಲೆಯಲ್ಲಿ ಚೆನ್ನಾಗಿರುತ್ತದೆ. ನವಲಗುಂದ, ಅಣ್ಣಿಗೇರಿಯ ಎರೆಹೊಲದ ಕಡಲೆ, ನಮ್ಮ ಮುಂಗಾರಿಯ ಶೇಂಗಾ ಎರಡೂ ಸೇರಿದರೆ ಮಗುವಿಗೆ ಎಂಥ ಬಲ ಎಂಬುದನ್ನು ನೀವೇ ಯೋಚಿಸಿ.

ಇನ್ನೊಂದು ಸಾಧನೆ ಕೂಸುಗಳ ಹಾಲಿನ ಪುಡಿ. ಆಗ ಅದು ಹೊರದೇಶದಿಂದ ಬರಬೇಕಾಗಿತ್ತು. ನಮ್ಮಲ್ಲಿ ಎಮ್ಮೆಯ ಹಾಲೇ ಹೆಚ್ಚು. ಅದರಲ್ಲಿ ಕೊಬ್ಬು ಜಾಸ್ತಿ. ಎಳೆಯ ಹೊಟ್ಟೆಯಲ್ಲಿ ಗಟ್ಟಿ ಗಡ್ಡೆಯಾಗಿ ಒಡೆದು ಸುಲಭವಾಗಿ ಜೀರ್ಣವಾಗುವುದಿಲ್ಲ. ಮೈಸೂರಿನ ವಿಜ್ಞಾನಿಗಳು ಕೊಬ್ಬು ತಗ್ಗಿಸಿ, ಲವಣಗಳನ್ನು ಹದಗೊಳಿಸಿ, ಆ ಗಡ್ಡೆ ಮೆತ್ತಗಾಗುವಂತೆ ಮಾಡಿ, ಸಕ್ಕರೆ ಮತ್ತು ವಿಟಮಿನ್ ಸೇರಿಸಿ ಒಣಗಿಸಿದರು. ಈ ವಿಧಾನದಿಂದಲೇ 1960ರ ದಶಕದಲ್ಲಿ ಗುಜರಾತಿನ ಅಮುಲ್ ಶಿಶು ಆಹಾರ ತಯಾರಿಸಿತು. ಆದರೆ ಒಂದು ಮಾತು ನೆನಪಿರಲಿ: ಮೊದಲ ಆರು ತಿಂಗಳು ತಾಯಿಯ ಹಾಲಿಗೆ ಸಮನಾದ ಆಹಾರ ಯಾವುದೂ ಇಲ್ಲ. ಪುಡಿಯ ಹಾಲು ತಾಯಿಯ ಹಾಲು ದೊರೆಯದ ಕೂಸಿಗೆ ಮಾತ್ರ.

1960ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಆ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಶೇಂಗಾ ಆಹಾರವನ್ನು ತಪಾಸಣೆ ಮಾಡದೆ ಕೊಡಬಾರದು ಎಂಬ ಎಚ್ಚರ ಅಂದಿನಿಂದ ಎಲ್ಲೆಡೆ ಬಂತು. ಬಹೂಪಯೋಗಿ ಆಹಾರ ಮನೆಮಾತಾಗಲಿಲ್ಲ ನಿಜ. ಆದರೆ ಕಾಳು, ಶೇಂಗಾ, ಧಾನ್ಯ ಬೆರೆಸಿ ಮಕ್ಕಳಿಗೆ ಪೌಷ್ಟಿಕ ಆಹಾರ ಕೊಡುವ ಮಾರ್ಗ ಉಳಿಯಿತು.

ಮೈಸೂರು ಬಿಟ್ಟ ಮೇಲೂ ಅವರು ಸುಮ್ಮನೆ ಕೂಡಲಿಲ್ಲ. ತಮಿಳುನಾಡಿನ ತಿರುವಾರೂರಿನಲ್ಲಿ ಭತ್ತ ಸಂಸ್ಕರಣ ಸಂಶೋಧನಾ ಕೇಂದ್ರದ ಮೊದಲ ನಿರ್ದೇಶಕರಾಗಿ, ಮಳೆಗೆ ನೆಂದ ಭತ್ತ ಕೆಡದಂತೆ ಉಳಿಸುವ ಉಪಾಯ ಹುಡುಕಿದರು. 1979ರಲ್ಲಿ ನಿಧನರಾದರು.

ತಾಯಂದಿರೇ, ಬೂಷ್ಟು ಹಿಡಿದ, ಮುರುಟಿದ ಶೇಂಗಾವನ್ನು ಆರಿಸಿ ಚೆಲ್ಲಿರಿ. ಒಳ್ಳೆಯದನ್ನು ಕಡಲೆಯೊಂದಿಗೆ ಮಕ್ಕಳ ಊಟದಲ್ಲಿ ಸೇರಿಸಿರಿ. ತೀರ ಎಳೆಯ ಮಕ್ಕಳಿಗೆ ಇಡೀ ಕಾಳು ಗಂಟಲಿಗೆ ಸಿಕ್ಕೀತು, ಪುಡಿ ಮಾಡಿಯೇ ಕೊಡಿರಿ. ವಿದ್ಯಾರ್ಥಿಗಳೇ, ವಿಜ್ಞಾನ ಓದಿದವರೆಲ್ಲ ಡಾಕ್ಟರ್, ಎಂಜಿನಿಯರ್ ಆಗಬೇಕೆಂದಿಲ್ಲ. ಬಿ.ಎಸ್ಸಿ. ಮುಗಿಸಿದವರಿಗೆ ಮೈಸೂರಿನ ಅದೇ ಸಂಸ್ಥೆಯಲ್ಲಿ ಆಹಾರ ತಂತ್ರಜ್ಞಾನದ ಎಂ.ಎಸ್ಸಿ. ಶಿಕ್ಷಣವಿದೆ. ನಮ್ಮ ಹಳ್ಳಿಯ ಮಕ್ಕಳೂ ಅದರ ಬಾಗಿಲು ತಟ್ಟಲಿ.